ಬೆಳೆಗಾರರ ಸಂಘಕ್ಕೊಂದು ಮೇಲ್ ಸರ್ವರ್: ಫಾರ್ವರ್ಡ್, ಪಟ್ಟಿ, ಮಳೆ ಲೆಕ್ಕ

ದಕ್ಷಿಣ ಕೊಡಗಿನ ಒಂದು ಕಾಫಿ ಬೆಳೆಗಾರರ ಸಂಘದ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಕಡೆಯ ಸಣ್ಣ ಬೆಳೆಗಾರರೇ ಇದರಲ್ಲಿ ಜಾಸ್ತಿ. ಎಲ್ಲರಿಗೂ ಸ್ವಂತ ಜಿಮೇಲ್ ಇದೆ, ಸಂಘದ ಹೆಸರಲ್ಲಿ ಇನ್ನೊಂದು ಮೇಲ್‌ಬಾಕ್ಸ್ ಯಾರಿಗೂ ಬೇಡ. ಸರ್ವರ್‌ನಿಂದ ಆಗಬೇಕಾದ್ದು ಮೂರೇ ಕೆಲಸ. ಕಾರ್ಯದರ್ಶಿ, ಖಜಾಂಚಿ, ಆಫೀಸು ಎಂಬ ವಿಳಾಸಗಳಿಗೆ ಬಂದ ಮೇಲ್ ಈಗ ಆ ಜಾಗದಲ್ಲಿ ಇರುವವರ ಜಿಮೇಲ್‌ಗೆ ಹೋಗಬೇಕು. ಸದಸ್ಯರ ಪಟ್ಟಿಗೆ ಒಂದು ಮೇಲ್ ಹಾಕಿದರೆ ಎಲ್ಲರಿಗೂ ಮುಟ್ಟಬೇಕು. ಹವಾಮಾನ ಯಂತ್ರ ಕಳಿಸುವ ಮಳೆ ವರದಿಯನ್ನು ನಮ್ಮವರ ಲೆಕ್ಕಕ್ಕೆ ಬದಲಿಸಿ ಹಂಚಬೇಕು.

ಮೂರರಲ್ಲಿ ಸುಲಭ ಅನ್ನಿಸುವುದು ಫಾರ್ವರ್ಡ್. ಕೈಕೊಡುವುದೂ ಅದೇ. ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ಜಾಗದ ವಿಷಯ. ಸರ್ವರ್ ಕೊಡಗಿನಲ್ಲಿ ಇಲ್ಲ, ಬಾಡಿಗೆಗೆ ತೆಗೆದುಕೊಂಡ ಒಂದು ಸಣ್ಣ ವಿಪಿಎಸ್‌ನಲ್ಲಿ, ಅಂದರೆ ಹೊರಗಿನ ಡೇಟಾ ಸೆಂಟರ್ ಕಂಪ್ಯೂಟರಿನ ಒಂದು ಪಾಲಿನಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಮೇಲ್ ಸರ್ವರ್‌ಗೆ ಬದಲಾಗದ ಐಪಿ (ಇಂಟರ್ನೆಟ್‌ನಲ್ಲಿ ಅದರ ಅಂಕಿ ವಿಳಾಸ) ಬೇಕು, ಆ ಐಪಿಯಿಂದ ಹೆಸರಿಗೆ ಹೋಗುವ ಪಿಟಿಆರ್ ದಾಖಲೆ ಬೇಕು, ಹೆಸರಿನಿಂದ ಹುಡುಕಿದರೂ ಅದೇ ಐಪಿ ಸಿಗಬೇಕು. ಮನೆಯ ಇಂಟರ್ನೆಟ್‌ನಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ವಿಪಿಎಸ್ ತೆಗೆದುಕೊಳ್ಳುವ ಮೊದಲು ಸರ್ವರ್‌ಗಳು ಮೇಲ್ ದಾಟಿಸುವ ಬಾಗಿಲಾದ ಪೋರ್ಟ್ 25 ತೆರೆದು ಕೊಡ್ತೀರಾ ಅಂತ ಕೇಳಿಕೊಳ್ಳಿ. ಸ್ಪ್ಯಾಮ್ ಭಯಕ್ಕೆ ಅದನ್ನು ಮುಚ್ಚಿ ಇಡುವವರು ತುಂಬಾ ಜನ.

ಮೇಲ್ ತೆಗೆದುಕೊಂಡು ದಾಟಿಸುವ ಸಾಫ್ಟ್‌ವೇರ್ ಆಗಿ ಪೋಸ್ಟ್‌ಫಿಕ್ಸ್ ಹಾಕಿದ್ದೇನೆ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದದ್ದು, 1998ರಲ್ಲಿ ಹೊರಬಂತು. ಇಷ್ಟು ವರ್ಷವಾದರೂ ಅದರ ದಾಖಲೆ ಓದಿದರೆ ಪ್ರತಿ ಸೆಟ್ಟಿಂಗ್ ಯಾಕಿದೆ ಅಂತ ತಿಳಿಯುತ್ತದೆ. ನನಗೆ ಅದೇ ಮುಖ್ಯ.

ಫಾರ್ವರ್ಡ್ ಮಾಡೋಕೆ ವರ್ಚುಯಲ್ ಏಲಿಯಾಸ್ ಎಂಬ ಕಡತ ಸಾಕು. ಸಾಲಿನ ಎಡಕ್ಕೆ ಸಂಘದ ವಿಳಾಸ, ಬಲಕ್ಕೆ ಅದು ಹೋಗಬೇಕಾದ ಜಿಮೇಲ್ ವಿಳಾಸ. ಇಬ್ಬರಿಗೆ ಹೋಗಬೇಕಾದರೆ ನಡುವೆ ಅಲ್ಪವಿರಾಮ. ಕಡತ ಉಳಿಸಿ, ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಆಜ್ಞೆ ಓಡಿಸಿದರೆ ಆಯ್ತು. ಇಷ್ಟಕ್ಕೇ ನಿಲ್ಲಿಸಿದರೆ ನೀವೇ ಕಳಿಸಿದ ಟೆಸ್ಟ್ ಮೇಲ್ ಸರಿಯಾಗಿಯೇ ಹೋಗಬಹುದು. ಆಮೇಲೆ ಒಂದು ದಿನ ಖಜಾಂಚಿ ಫೋನ್ ಮಾಡುತ್ತಾರೆ, ಬ್ಯಾಂಕಿನವರು ಮೇಲ್ ಕಳಿಸಿದ್ದೇವೆ ಅಂತಾರೆ, ನನಗೆ ಬಂದೇ ಇಲ್ಲ ಅಂತ.

ಕಾರಣ ಇದು. ಇಮೇಲ್‌ಗೆ ಎರಡು ಕಡೆ ಕಳಿಸಿದವರ ಹೆಸರು ಇರುತ್ತದೆ. ಒಂದು ಲಕೋಟೆಯ ಮೇಲೆ, ಇನ್ನೊಂದು ಒಳಗಿನ ಪತ್ರದ ತಲೆಯಲ್ಲಿ. ಓದುವವರಿಗೆ ಕಾಣುವುದು ಒಳಗಿನದು, ಅದು ಫ್ರಮ್ ಸಾಲು. ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವಾಗ ಬಳಸುವುದು ಲಕೋಟೆಯದನ್ನು. ಬ್ಯಾಂಕು ತನ್ನ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿನ ಬಗ್ಗೆ ಯಾರು ಬೇಕಾದರೂ ನೋಡಬಹುದಾದ ದಾಖಲೆ) ಎಸ್‌ಪಿಎಫ್ ದಾಖಲೆ ಇಟ್ಟು, ನನ್ನ ಹೆಸರಿನ ಲಕೋಟೆ ಈ ಐಪಿಗಳಿಂದ ಮಾತ್ರ ಬರುತ್ತದೆ ಎಂದು ಸಾರಿರುತ್ತದೆ. ನಮ್ಮ ಸರ್ವರ್ ಆ ಲಕೋಟೆಯನ್ನು ಹಾಗೇ ಜಿಮೇಲ್‌ಗೆ ದಾಟಿಸಿದರೆ, ಬ್ಯಾಂಕಿನ ಹೆಸರು ಹಾಕಿಕೊಂಡು ಸಂಬಂಧವಿಲ್ಲದ ಐಪಿ ಬಂದು ನಿಂತ ಹಾಗೆ ಆಗುತ್ತದೆ. ಎಸ್‌ಪಿಎಫ್ ಫೇಲ್. ಜೊತೆಗೆ ಕಳಿಸಿದವರ ಡೊಮೇನ್ ಪತ್ರಕ್ಕೆ ಹಾಕುವ ಡಿಕಿಮ್ ಎಂಬ ಡಿಜಿಟಲ್ ಸಹಿಯೂ ಕೆಟ್ಟಿದ್ದರೆ ಲಾಗ್‌ನಲ್ಲಿ 550 5.7.26 ಎಂಬ ಸಂಖ್ಯೆ ಕಾಣುತ್ತದೆ. ಗುರುತು ಸಾಬೀತಾಗಲಿಲ್ಲ, ಒಳಗೆ ಬಿಡುವುದಿಲ್ಲ ಅಂತ ಅದರ ಅರ್ಥ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ.

ಇದಕ್ಕೆ ಮದ್ದು ಎಸ್‌ಆರ್‌ಎಸ್. ಪೋಸ್ಟ್‌ಎಸ್‌ಆರ್‌ಎಸ್‌ಡಿ ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಂಡರೆ ಲಕೋಟೆಯ ಮೇಲಿನ ಹೆಸರನ್ನು ನಮ್ಮ ಡೊಮೇನ್‌ಗೆ ಬದಲಿಸುತ್ತದೆ. ಮೂಲ ವಿಳಾಸ ಆ ಹೊಸ ಹೆಸರೊಳಗೇ ಅಡಗಿರುತ್ತದೆ, ಜೊತೆಗೆ ಒಂದು ಸಣ್ಣ ಹ್ಯಾಶ್ (ನಮ್ಮ ಗುಟ್ಟಿನ ಕೀಲಿಯಿಂದ ಕಟ್ಟಿದ ಕೆಲವು ಅಕ್ಷರ) ಮತ್ತು ದಿನದ ಗುರುತು. ಮೇಲ್ ತಲುಪದೆ ವಾಪಸ್ ಬಂದರೆ ಅದನ್ನು ಬಿಡಿಸಿ ಮೂಲ ಕಳಿಸಿದವರಿಗೆ ಮುಟ್ಟಿಸುತ್ತದೆ. ಹ್ಯಾಶ್ ಇರುವುದರಿಂದ ಹೊರಗಿನವರು ಸುಳ್ಳು ವಿಳಾಸ ಕಟ್ಟಿ ನಮ್ಮ ಮೂಲಕ ಮೇಲ್ ನುಗ್ಗಿಸೋಕಾಗಲ್ಲ.

ಇದನ್ನು ಜೋಡಿಸುವಾಗ ಒಂದು ಸೆಟ್ಟಿಂಗ್ ಮೇಲೆ ಕಣ್ಣಿಡಿ: ಸೆಂಡರ್ ಕೆನಾನಿಕಲ್ ಕ್ಲಾಸಸ್. ಪೋಸ್ಟ್‌ಫಿಕ್ಸ್ ಇದಕ್ಕೆ ತಾನಾಗಿ ಕೊಡುವ ಬೆಲೆಯಲ್ಲಿ ಲಕೋಟೆ, ಪತ್ರದ ತಲೆ ಎರಡೂ ಸೇರಿವೆ. ಹಾಗೇ ಬಿಟ್ಟರೆ ಒಳಗಿನ ಫ್ರಮ್ ಸಾಲೂ ಬದಲಾಗಿ, ಓದುವವರಿಗೆ ಬ್ಯಾಂಕಿನ ಹೆಸರಿನ ಜಾಗದಲ್ಲಿ ಉದ್ದದ ಗಜಿಬಿಜಿ ಕಾಣುತ್ತದೆ, ಸಹಿಯೂ ಮುರಿಯುತ್ತದೆ. ಎನ್ವಲಪ್ ಸೆಂಡರ್ ಒಂದನ್ನೇ ಉಳಿಸಿ. ಹಳೆಯ ಪೋಸ್ಟ್‌ಎಸ್‌ಆರ್‌ಎಸ್‌ಡಿಯಲ್ಲಿ ಜೋಡಣೆ 10001, 10002 ಟಿಸಿಪಿ ಪೋರ್ಟ್‌ಗಳ ಮೂಲಕ. 2.0 ಆವೃತ್ತಿಯಿಂದ ಸಾಕೆಟ್‌ಮ್ಯಾಪ್ ಎಂಬ ಬೇರೆ ಜೋಡಣೆ ಬಂದಿದೆ, ಹಳೆಯ ಸಾಲುಗಳನ್ನು ನಕಲು ಮಾಡಿದರೆ ನಡೆಯುವುದಿಲ್ಲ.

ಎಸ್‌ಆರ್‌ಎಸ್ ಹಾಕಿದ ಮೇಲೂ ಅರ್ಧ ಕೆಲಸವೇ ಆಗಿರುತ್ತದೆ. ಎಸ್‌ಪಿಎಫ್ ಈಗ ಪಾಸ್, ಆದರೆ ಅದು ನಮ್ಮ ಡೊಮೇನ್ ಹೆಸರಲ್ಲಿ. ಇವೆರಡರ ಮೇಲೆ ನಿಂತ ಇನ್ನೊಂದು ಪರೀಕ್ಷೆಯಾದ ಡಿಮಾರ್ಕ್ ಕೇಳುವುದು ಫ್ರಮ್ ಸಾಲಿನ ಡೊಮೇನ್‌ಗೆ ಹೊಂದುವ ಗುರುತನ್ನು. ಹಾಗಾಗಿ ಬ್ಯಾಂಕಿನ ಮೇಲ್ ಬದುಕುವುದು ಬ್ಯಾಂಕು ಹಾಕಿದ ಡಿಕಿಮ್ ಸಹಿಯಿಂದ ಮಾತ್ರ. ಆ ಸಹಿ ವಿಷಯ ಸಾಲನ್ನೂ ಒಡಲನ್ನೂ ಸೇರಿಸಿಕೊಂಡಿರುತ್ತದೆ. ವಿಷಯದ ಮುಂದೆ ಸಂಘದ ಹೆಸರು ಸೇರಿಸಿದರೆ, ಕೊನೆಯಲ್ಲಿ ಎರಡು ಸಾಲು ಸೂಚನೆ ಅಂಟಿಸಿದರೆ ಸಹಿ ಹೋಯಿತು. ಅಲ್ಲಿಂದ ನಾನು ಒಂದು ನಿಯಮ ಮಾಡಿಕೊಂಡೆ. ಬೇರೆಯವರ ಪತ್ರವಾದರೆ ಲಕೋಟೆ ಮಾತ್ರ ಬದಲಿಸುವುದು. ಪತ್ರವನ್ನೇ ಬದಲಿಸಬೇಕು ಅಂತಾದರೆ ಅದನ್ನು ನಮ್ಮ ಹೆಸರಲ್ಲಿ, ನಮ್ಮ ಸಹಿಯಲ್ಲಿ ಹೊಸದಾಗಿ ಕಳಿಸುವುದು. ಮಧ್ಯದ ದಾರಿ ಹಿಡಿದ ಸರ್ವರ್‌ಗಳಲ್ಲೇ ಮೇಲ್ ಕಾಣೆಯಾಗೋದು.

ಫಾರ್ವರ್ಡ್ ಬಗ್ಗೆ ಇನ್ನೊಂದು ಮಾತು. ಬಂದ ಸ್ಪ್ಯಾಮ್ ಅನ್ನೂ ನೀವು ಫಾರ್ವರ್ಡ್ ಮಾಡಿದರೆ, ಜಿಮೇಲ್ ಕಣ್ಣಿಗೆ ಸ್ಪ್ಯಾಮ್ ಕಳಿಸುತ್ತಿರುವುದು ನಿಮ್ಮ ಐಪಿ. ಆದ್ದರಿಂದ ಸೋಸುವುದು ಬಾಗಿಲಲ್ಲೇ ಆಗಬೇಕು. ನಾನು ಆರ್‌ಸ್ಪ್ಯಾಮ್‌ಡಿ ಎಂಬ ಸ್ಪ್ಯಾಮ್ ಸೋಸುವ ಪ್ರೋಗ್ರಾಂ ಇಟ್ಟಿದ್ದೇನೆ. ಕೆಟ್ಟದ್ದನ್ನು ಸಂಪರ್ಕ ಇರುವಾಗಲೇ ತಿರಸ್ಕರಿಸುತ್ತದೆ. ಒಳಗೆ ತೆಗೆದುಕೊಂಡು ಆಮೇಲೆ ವಾಪಸ್ ಕಳಿಸಿದರೆ ಅದು ಏನೂ ಅರಿಯದ ಯಾರದೋ ಇನ್‌ಬಾಕ್ಸ್‌ಗೆ ಬೀಳುತ್ತದೆ. ಯಾವ ಹೆಸರಿಗೆ ಬಂದರೂ ತೆಗೆದುಕೊಳ್ಳುವ ಕ್ಯಾಚ್‌ಆಲ್ ಸಾಲು ಬೇಕು ಅಂತ ಸಮಿತಿಯಲ್ಲಿ ಕೇಳಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದು ಸ್ಪ್ಯಾಮ್‌ಗೆ ಗೇಟು ತೆಗೆದಿಟ್ಟ ಹಾಗೆ.

ಪಟ್ಟಿಗಳ ವಿಷಯಕ್ಕೆ ಬರೋಣ. ಕಾರ್ಯಕಾರಿ ಸಮಿತಿಯದು ಚಿಕ್ಕ ಪಟ್ಟಿ. ಅದಕ್ಕೆ ಏಲಿಯಾಸ್ ಕಡತದಲ್ಲಿ ಇನ್‌ಕ್ಲೂಡ್ ಸಾಲು ಹಾಕಿ, ಹೆಸರುಗಳನ್ನು ಬೇರೆ ಕಡತದಲ್ಲಿ ಇಟ್ಟಿದ್ದೇನೆ. ಇದರ ಜೊತೆ ಪಟ್ಟಿಯ ಹೆಸರಿಗೂ ಮೊದಲು ಓನರ್ ಮತ್ತು ಅಡ್ಡಗೆರೆ (owner-) ಸೇರಿಸಿ ಇನ್ನೊಂದು ಏಲಿಯಾಸ್ ಇರಲೇಬೇಕು. ಅದು ಇದ್ದರೆ ತಲುಪದ ಮೇಲ್‌ಗಳ ದೂರು ಪಟ್ಟಿ ನೋಡಿಕೊಳ್ಳುವವರಿಗೆ ಬರುತ್ತದೆ. ಇಲ್ಲದಿದ್ದರೆ ಪಟ್ಟಿಗೆ ಬರೆದವರಿಗೇ ಹೋಗಿ ಅವರನ್ನು ಗಾಬರಿಪಡಿಸುತ್ತದೆ.

ಎಲ್ಲ ಸದಸ್ಯರ ಪಟ್ಟಿಗೆ ಏಲಿಯಾಸ್ ಸಾಲದು. ಅದಕ್ಕೆ ಮೇಲ್ ಪಟ್ಟಿ ನಡೆಸುವ ಪ್ರೋಗ್ರಾಂ ಮೇಲ್‌ಮ್ಯಾನ್ 3. ಯಾರು ಬರೆಯಬಹುದು, ಹೊರಗಿನವರು ಬರೆದರೆ ಯಾರು ನೋಡಿ ಬಿಡಬೇಕು, ಸತ್ತ ವಿಳಾಸಗಳನ್ನು ಹೇಗೆ ಕೈಬಿಡಬೇಕು, ಪಟ್ಟಿಯಿಂದ ಹೊರಹೋಗುವ ಲಿಂಕ್, ಎಲ್ಲ ಅದರಲ್ಲೇ ಇದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ಅನ್ನು ರಿಜೆಕ್ಟ್‌ಗೆ (ಗುರುತು ಹೊಂದದ್ದನ್ನು ತಿರಸ್ಕರಿಸಿ ಎಂಬುದಕ್ಕೆ) ಏರಿಸಿದಾಗ ಪ್ರಪಂಚದ ಎಷ್ಟೋ ಮೇಲ್ ಪಟ್ಟಿಗಳು ಕೆಟ್ಟು ಕೂತವು. ಯಾಹೂ ವಿಳಾಸದಿಂದ ಯಾರಾದರೂ ಪಟ್ಟಿಗೆ ಬರೆದರೆ ಉಳಿದವರ ಸರ್ವರ್‌ಗಳು ಅದನ್ನು ತಳ್ಳಿಹಾಕುತ್ತಿದ್ದವು. ಮೇಲ್‌ಮ್ಯಾನ್‌ನಲ್ಲಿ ಇದಕ್ಕೆ ಇರುವ ಉಪಾಯ ಮಂಜ್ ಫ್ರಮ್. ಬರೆದವರ ಹೆಸರು ಉಳಿಯುತ್ತದೆ, ವಿಳಾಸ ಮಾತ್ರ ಪಟ್ಟಿಯದಾಗುತ್ತದೆ. ವಿಷಯದ ಮುಂದೆ ಪಟ್ಟಿಯ ಹೆಸರು ಬೇಕು, ಅಡಿಯಲ್ಲಿ ಸೂಚನೆ ಬೇಕು ಅನ್ನುವವರು ಇದನ್ನು ಎಲ್ಲರಿಗೂ ಹಾಕಿಬಿಡಿ. ಪತ್ರ ಹೇಗೂ ಬದಲಾಯಿತು, ಸಹಿ ನಮ್ಮದೇ ಇರಲಿ.

ಉತ್ತರ ಯಾರಿಗೆ ಹೋಗಬೇಕು ಎಂಬುದನ್ನು ಸಮಿತಿಯಲ್ಲಿ ಕೇಳಿ ತೀರ್ಮಾನ ಮಾಡಿ. ನಮ್ಮಲ್ಲಿ ಬರೆದವರಿಗೆ ಮಾತ್ರ ಹೋಗುತ್ತದೆ. ಮೆಣಸಿನ ರೇಟಿನ ಬಗ್ಗೆ ಇಬ್ಬರ ನಡುವಿನ ಮಾತು ಇಡೀ ಸಂಘಕ್ಕೆ ಹೋಗಬಾರದಲ್ವಾ.

ಫೋಟೋಗಳು ಇನ್ನೊಂದು ತಲೆನೋವು. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡದ ಚಿತ್ರವನ್ನು ಫೋನಿನಿಂದ ಹಾಗೇ ಪಟ್ಟಿಗೆ ಕಳಿಸುತ್ತಾರೆ. ಮೇಲ್‌ನಲ್ಲಿ ಚಿತ್ರ ಬೇಸ್64 ಆಗಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ ಹೋಗುವುದರಿಂದ ಗಾತ್ರ ಮೂರರಲ್ಲಿ ಒಂದು ಪಾಲು ಹೆಚ್ಚಾಗುತ್ತದೆ. ಪೋಸ್ಟ್‌ಫಿಕ್ಸ್‌ನ ಸಹಜ ಮಿತಿ 1,02,40,000 ಬೈಟ್. ಅಂದರೆ ಏಳೂವರೆ ಎಂಬಿ ದಾಟಿದ ಚಿತ್ರ ಹೋಗುವುದಿಲ್ಲ. ನಾನು ಮಿತಿ ಏರಿಸಲಿಲ್ಲ. ಚಿಕ್ಕದು ಮಾಡಿ ಕಳಿಸಿ ಅಂತ ಎಲ್ಲರಿಗೂ ಹೇಳಿಕೊಟ್ಟೆವು. ಮಳೆಗಾಲದಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಇರುವ ತೋಟದಲ್ಲಿ ಕೂತವರಿಗೂ ಅದೇ ಒಳ್ಳೆಯದು.

ಈಗ ಮಳೆ ಲೆಕ್ಕ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಹವಾಮಾನ ಯಂತ್ರ ದಿನಕ್ಕೊಂದು ಮೇಲ್ ಕಳಿಸುತ್ತದೆ, ಇಂಗ್ಲಿಷ್‌ನಲ್ಲಿ, ಮಿಲಿಮೀಟರ್‌ನಲ್ಲಿ. ಕೊಡಗಿನಲ್ಲಿ ಮಿಲಿಮೀಟರ್‌ನಲ್ಲಿ ಮಳೆ ಕೇಳುವ ಬೆಳೆಗಾರರು ಕಡಿಮೆ. ಇಲ್ಲಿ ಇಂಚು, ಸೆಂಟ್. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಫೋನ್ ಮಾಡುವವರು, "ಅದೆಲ್ಲ ಇರಲಿ, ಎಷ್ಟು ಸೆಂಟ್ ಆಯ್ತು ಹೇಳಪ್ಪ" ಅಂತಲೇ ಕೇಳುತ್ತಾರೆ. ರೊಬಸ್ಟಾಗೆ ಆ ಮಳೆ ಸಾಕಾಯಿತೋ, ಸ್ಪ್ರಿಂಕ್ಲರ್ ಹಾಕಬೇಕೋ ಅನ್ನುವುದು ಆ ಅಂಕಿಯ ಮೇಲೆ ನಿಂತಿದೆ. 38.1 ಮಿಲಿಮೀಟರ್ ಅಂದರೆ ಯಾರಿಗೂ ಏನೂ ಅನ್ನಿಸದು. 1 ಇಂಚು 50 ಸೆಂಟ್ ಅಂದರೆ ಮನಸ್ಸು ನಿರಾಳ.

ಪೋಸ್ಟ್‌ಫಿಕ್ಸ್‌ನಲ್ಲಿ ಹೆಡರ್ ಚೆಕ್ಸ್, ಬಾಡಿ ಚೆಕ್ಸ್ ಅಂತ ಬದಲಾಯಿಸುವ ಸೌಲಭ್ಯ ಇದೆ. ಈ ಕೆಲಸಕ್ಕೆ ಅವು ಆಗುವುದಿಲ್ಲ. ಅವು ಸರ್ವರ್ ದಾಟುವ ಎಲ್ಲ ಮೇಲ್‌ಗೂ ಅನ್ವಯಿಸುತ್ತವೆ, ಫಾರ್ವರ್ಡ್ ಆಗುವ ಬ್ಯಾಂಕ್ ಮೇಲ್‌ಗೂ. ಸಾಲು ಸಾಲಾಗಿ ನೋಡುತ್ತವೆ, ಲೆಕ್ಕ ಮಾಡಲಾರವು. ಕನ್ನಡದ ಮೇಲ್‌ನಲ್ಲಂತೂ ಅವಕ್ಕೆ ಏನೂ ಕಾಣುವುದಿಲ್ಲ, ಯಾಕೆಂದರೆ ಅದು ಸಾಮಾನ್ಯವಾಗಿ ಬೇಸ್64 ಆಗಿ ಬರುತ್ತದೆ, ಬಾಡಿ ಚೆಕ್ಸ್ ಅದನ್ನು ಬಿಡಿಸಿ ನೋಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ 3 ಬೈಟ್, ಬೇಸ್64ರಲ್ಲಿ ಅದು 4 ಇಂಗ್ಲಿಷ್ ಅಕ್ಷರ. 'ಕಾಫಿ' ಎಂಬ ಪದದಲ್ಲಿ ಕ, ಇಳಿ, ಫ, ಗುಡಿಸು ಸೇರಿ ನಾಲ್ಕು ಚಿಹ್ನೆ, 12 ಬೈಟ್, ಹೋಗುವಾಗ 16 ಅಕ್ಷರ. ಆ ಪದಕ್ಕಿಂತ ಮೊದಲು ಒಂದು ಖಾಲಿ ಜಾಗ ಜಾಸ್ತಿ ಬಂದರೂ ಆ 16 ಅಕ್ಷರ ಪೂರ್ತಿ ಬೇರೆಯಾಗುತ್ತವೆ. ಒಂದೇ ಪದಕ್ಕೆ ಮೂರು ವೇಷ. ಹುಡುಕಿ ಬದಲಿಸುವ ಮಾತೇ ಇಲ್ಲ.

ಹಾಗಾಗಿ ಮಳೆ ವಿಳಾಸಕ್ಕೆ ಬಂದ ಮೇಲ್ ಅನ್ನು ಏಲಿಯಾಸ್‌ನಿಂದ ನೇರ ಪೈಥಾನ್ ಸ್ಕ್ರಿಪ್ಟ್‌ಗೆ ಕೊಡುತ್ತೇನೆ. ಪೈಥಾನ್‌ನ ಇಮೇಲ್ ಲೈಬ್ರರಿ ಬೇಸ್64 ಬಿಡಿಸುತ್ತದೆ. ಸ್ಕ್ರಿಪ್ಟ್ ಅಂಕಿ ಹುಡುಕಿ, 25.4ರಿಂದ ಭಾಗಿಸಿ, ಕನ್ನಡದಲ್ಲಿ ಹೊಸ ಮೇಲ್ ಕಟ್ಟಿ ಸದಸ್ಯರ ಪಟ್ಟಿಗೆ ಕಳಿಸುತ್ತದೆ. ಆಟೊ ಸಬ್‌ಮಿಟೆಡ್ ಎಂಬ ಹೆಡರ್ ಸೇರಿಸುತ್ತದೆ. ಅದಿದ್ದರೆ ರಜೆಯಲ್ಲಿದ್ದೇನೆ ಎಂಬ ತಾನೇತಾನಾಗಿ ಹೋಗುವ ಉತ್ತರಗಳು ಬರುವುದು ಕಡಿಮೆ, ಮೇಲ್ ಸುತ್ತು ಹೊಡೆಯುವುದೂ ತಪ್ಪುತ್ತದೆ.

ಇಲ್ಲಿ ಎರಡು ಸಣ್ಣ ವಿಷಯ ತುಂಬಾ ಉಪಯೋಗಕ್ಕೆ ಬರುತ್ತವೆ. ಮೇಲ್‌ನ ರೂಪ ಬದಲಾಗಿ ಅಂಕಿ ಸಿಗದಿದ್ದರೆ ಸ್ಕ್ರಿಪ್ಟ್ 75 ಎಂಬ ಸಂಖ್ಯೆಯೊಂದಿಗೆ ನಿಲ್ಲಬೇಕು. ಪೋಸ್ಟ್‌ಫಿಕ್ಸ್‌ಗೆ ಅದರ ಅರ್ಥ, ಈಗ ಆಗಲಿಲ್ಲ, ಆಮೇಲೆ ನೋಡು. ಮೇಲ್ ಸರದಿಯಲ್ಲೇ ಉಳಿಯುತ್ತದೆ, ಸಹಜವಾಗಿ 5 ದಿನ. ಅಷ್ಟರಲ್ಲಿ ಸ್ಕ್ರಿಪ್ಟ್ ಸರಿ ಮಾಡಬಹುದು. ಇನ್ನೊಂದು ಡಿಕಿಮ್ ಸಹಿಯದು. ಸ್ಕ್ರಿಪ್ಟ್ ಒಳಗಿನಿಂದ ಸೆಂಡ್‌ಮೇಲ್ ಆಜ್ಞೆಯಲ್ಲಿ ಕಳಿಸಿದ ಮೇಲ್‌ಗೆ ಸಹಿ ಹಾಕುವ ಪ್ರೋಗ್ರಾಂಗೆ ಮೇಲ್ ತೋರಿಸುವ ಎಸ್‌ಎಂಟಿಪಿಡಿ ಮಿಲ್ಟರ್ಸ್ ಸೆಟ್ಟಿಂಗ್ ತಾಗುವುದಿಲ್ಲ. ನಾನ್ ಎಸ್‌ಎಂಟಿಪಿಡಿ ಮಿಲ್ಟರ್ಸ್ ಅಂತ ಬೇರೆಯೇ ಇದೆ, ಅದನ್ನೂ ತುಂಬಿದರೆ ಮಾತ್ರ ಸಹಿ ಬೀಳುತ್ತದೆ. ಆಫೀಸಿನ ಪ್ರಿಂಟರ್, ಯುಪಿಎಸ್ ಕಳಿಸುವ ಮೇಲ್‌ಗಳ ವಿಚಿತ್ರ ಫ್ರಮ್ ವಿಳಾಸ ಸರಿಮಾಡೋಕೆ ಎಸ್‌ಎಂಟಿಪಿ ಜೆನೆರಿಕ್ ಮ್ಯಾಪ್ಸ್ ಸಾಕು, ಸ್ಕ್ರಿಪ್ಟ್ ಬೇಡ.

ಮಹಾಸಭೆ ಆಗಿ ಪದಾಧಿಕಾರಿಗಳು ಬದಲಾದಾಗ ಈಗ ವರ್ಚುಯಲ್ ಕಡತ ತಿದ್ದುವುದು ಸಂಘದ ಆಫೀಸಿನ ರೈಟರ್ (ಗುಮಾಸ್ತರು). ಕಡತ ಗಿಟ್‌ನಲ್ಲಿ ಇರುವುದರಿಂದ ಹಿಂದೆ ಏನಿತ್ತು ಅಂತ ನೋಡಬಹುದು. ಸಾಲು ಬದಲಿಸಿ ಪೋಸ್ಟ್‌ಮ್ಯಾಪ್ ಓಡಿಸಿ, ಅದೇ ಆಜ್ಞೆಯ ಕ್ಯೂ (-q) ಆಯ್ಕೆಯಿಂದ ವಿಳಾಸ ಕೇಳಿ ಸರಿಯಾದ ಹೆಸರು ಬಂತಾ ನೋಡುತ್ತಾರೆ. ಆಮೇಲೆ ಹೊರಗಿನ ಒಂದು ವಿಳಾಸದಿಂದ ಮೇಲ್ ಹಾಕಿ, ಹೊಸ ಕಾರ್ಯದರ್ಶಿಯವರ ಜಿಮೇಲ್‌ನಲ್ಲಿ ಮೂಲ ತೋರಿಸು ಒತ್ತಿ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಇದೆಯಾ ಅಂತ ನೋಡಿ ನನಗೆ ಒಂದು ಮೆಸೇಜ್ ಹಾಕುತ್ತಾರೆ.