ಮಸುಕಿಗೂ ಬಗೆಗಳಿವೆ

150-600 ಎಂಎಂ ಜೂಮ್ ಲೆನ್ಸ್ ಕೊಂಡ ಮೊದಲ ಆರು ತಿಂಗಳು ನಾನು ತೆಗೆದ ಹಕ್ಕಿಗಳೆಲ್ಲ ಮಂಜಿನೊಳಗೆ ಕುಳಿತಂತೆ ಬಂದವು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎರಡು ತಾಸು ಅಲೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಹೆಜ್ಜಾರ್ಲೆಯ (ಪೆಲಿಕನ್) ಕಣ್ಣು ಬರೀ ಬೂದು ಚುಕ್ಕೆ. ಕಂತು ಕಟ್ಟಿ ಕೊಂಡ ಲೆನ್ಸು. ಅದರಲ್ಲೇ ದೋಷವಿದೆ ಎಂದು ನಂಬಿ ತುಂಬಾ ನೊಂದುಕೊಂಡಿದ್ದೆ.

ಒಂದು ಮೋಡದ ದಿನ ದಿನಪತ್ರಿಕೆಯ ಹಾಳೆಯನ್ನು ಕಾಂಪೌಂಡ್ ಗೋಡೆಗೆ ಅಂಟಿಸಿದೆ. ಹತ್ತು ಮೀಟರ್ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ, ಲೆನ್ಸಿನ ಮುಂದಿನ ಫಿಲ್ಟರ್ ಗಾಜನ್ನು ಬಿಚ್ಚಿ, ಸ್ಟೆಬಿಲೈಸೇಷನ್ (ಕೈನಡುಕ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, ಗುಂಡಿ ಒತ್ತುವ ಕೈಯೂ ತಾಗದಂತೆ ಟೈಮರ್ ಇಟ್ಟು ಚಿತ್ರ ತೆಗೆದೆ. ಅಕ್ಷರಗಳ ಅಂಚು ಬ್ಲೇಡಿನಿಂದ ಕತ್ತರಿಸಿದಂತೆ ಬಂದಿತ್ತು! ರಕ್ಷಣೆಗೆಂದು ಹಾಕಿಕೊಂಡಿದ್ದ ಆ ಅಗ್ಗದ ಫಿಲ್ಟರನ್ನು ಮತ್ತೆ ತಿರುಗಿಸಿ ಹಾಕಿ ತೆಗೆದಾಗ ಅದೇ ಅಕ್ಷರಗಳು ಮೆತ್ತಗಾದವು. ಆ ಫಿಲ್ಟರ್ ಅಂದಿನಿಂದ ಡ್ರಾಯರಿನಲ್ಲೇ ಇದೆ. ಲೆನ್ಸಿನ ಮುಂಭಾಗವನ್ನು ಕಾಯಲು ಹುಡ್, ಅಂದರೆ ಅದರ ತುದಿಗೆ ಸಿಕ್ಕಿಸುವ ಕೊಳವೆಯಂಥ ಮರೆ, ಸಾಕು.

ಫಿಲ್ಟರ್ ತೆಗೆದ ಮೇಲೂ ಕೆರೆಯ ಚಿತ್ರಗಳು ಪೂರ್ತಿ ಸುಧಾರಿಸಲಿಲ್ಲ. ಆಗ ಹಳೆಯ ಚಿತ್ರಗಳನ್ನು ಅಳಿಸುವುದನ್ನು ಬಿಟ್ಟು, ಒಂದೊಂದನ್ನೇ ಹಿಗ್ಗಿಸಿ ನೋಡತೊಡಗಿದೆ. ನಾನು ಒಂದೇ ಎಂದುಕೊಂಡಿದ್ದ ಮಸುಕಿನಲ್ಲಿ ನಾಲ್ಕು ಬಗೆ ಇದ್ದವು. ಕೊಂಬೆ, ಎಲೆ, ಹಕ್ಕಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನನ್ನ ಕೈ ಅಲುಗಿದೆ. ಕೊಂಬೆ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಕದಡಿದ್ದರೆ ಹಕ್ಕಿ ಅಲುಗಿದೆ. ಹಿಂದಿನ ಜೊಂಡೋ ಮುಂದಿನ ಎಲೆಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಯಾವುದೂ ಸ್ಪಷ್ಟವಾಗಿಲ್ಲದೆ, ಅಂಚುಗಳು ನೀರಿನಡಿಯ ಕಲ್ಲಿನಂತೆ ಸೊಟ್ಟಗಿದ್ದರೆ ತಪ್ಪು ಗಾಳಿಯದು.

ಕೈ ಅಲುಗಿದ್ದಕ್ಕೆ ಮದ್ದು ಸುಲಭವಾಗಿತ್ತು. ನನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದು, 1.5 ಪಟ್ಟಿನ ಲೆಕ್ಕದ್ದು. ಅದರಲ್ಲಿ 600 ಎಂಎಂ ಎಂದರೆ ದೊಡ್ಡ (ಫುಲ್ ಫ್ರೇಮ್) ಸೆನ್ಸರಿನಲ್ಲಿ 900 ಎಂಎಂ ಇದ್ದ ಹಾಗೆ, ಕೈನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದಾಗ ಶಟರ್ ವೇಗ (ಸೆನ್ಸರಿಗೆ ಬೆಳಕು ಬೀಳುವ ಅವಧಿ) ಸೆಕೆಂಡಿನ 1/1000ಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತೇನೆ. ಶಟರ್ ಮತ್ತು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರದ ಅಗಲ) ನಾನೇ ಗೊತ್ತುಪಡಿಸಿ, ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವಾದ ಐಎಸ್ಒ ಮಾತ್ರ ಕ್ಯಾಮೆರಾದ ಪಾಲಿಗೆ ಬಿಡುತ್ತೇನೆ. ಮೊದಲು ಐಎಸ್ಒ 400 ದಾಟಲು ಹೆದರುತ್ತಿದ್ದೆ. ಈಗ 3200 ಬಂದರೂ ಅಂಜುವುದಿಲ್ಲ. ಚಿತ್ರ ಕಾಳುಕಾಳಾದರೆ ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಎರಡು ಕಿಲೋ ತೂಗುವ ಲೆನ್ಸಿನಡಿಗೆ ಎಡಗೈಯನ್ನು ಅಂಗೈ ಮೇಲಾಗಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು ನಿಲ್ಲುತ್ತೇನೆ. ಸ್ಟೆಬಿಲೈಸೇಷನ್ ಹಿಡಿತಕ್ಕೆ ಬರಲು ಅರೆ ಸೆಕೆಂಡು ಬೇಕು. ಗುಂಡಿಯನ್ನು ಅರ್ಧ ಒತ್ತಿದಾಗ ಕಿಂಡಿಯೊಳಗಿನ ನೋಟ ತಟಸ್ಥವಾಗುವುದು ಕಣ್ಣಿಗೇ ಕಾಣುತ್ತದೆ. ಅಷ್ಟು ಕಾದು, ಆಮೇಲೆ ಪೂರ್ತಿ ಒತ್ತುತ್ತೇನೆ.

ಫೋಕಸ್ ಹೆಚ್ಚು ಕಾಡಿತು. ಹತ್ತು ಮೀಟರ್ ದೂರದ ಹಕ್ಕಿಗೆ 600 ಎಂಎಂ, ಅಪರ್ಚರ್ ಎಫ್/8 ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಎಂಟೊಂಬತ್ತು ಸೆಂಟಿಮೀಟರ್ ಅಷ್ಟೇ. ರೆಕ್ಕೆಯ ಮೇಲೆ ಫೋಕಸ್ ಕೂತರೆ ಕಣ್ಣು ತಪ್ಪಿಹೋಗಬಹುದು. ಹೀಗಾಗಿ ಕುಳಿತ ಹಕ್ಕಿಗೆ ಒಂದೇ ಫೋಕಸ್ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಡುತ್ತೇನೆ. ಲೆನ್ಸನ್ನು ತೀರಾ ಅಗಲಕ್ಕೆ ತೆರೆಯದೆ ಎಫ್/8ಕ್ಕೆ ಇಳಿಸುವುದರಿಂದ 600ರ ತುದಿಯಲ್ಲಿ ಗರಿಯ ಎಳೆಗಳು ನಿಜಕ್ಕೂ ಬಿಡಿಬಿಡಿಯಾಗುತ್ತವೆ. ಬೆಳಕು ಕಡಿಮೆಯಿದ್ದಾಗ ಮಾತ್ರ ಎಫ್/6.3ಕ್ಕೆ ಮರಳುತ್ತೇನೆ.

ಗಾಳಿಯ ಮಸುಕನ್ನು ಗುರುತಿಸಲು ನನಗೆ ಎರಡು ವರ್ಷ ಬೇಕಾಯಿತು. ಡಿಸೆಂಬರಿನ ಒಂದು ದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಕೆರೆಯ ಆಚೆ ದಡದ ಬಳಿ ತೇಲುತ್ತಿದ್ದ ಹೆಜ್ಜಾರ್ಲೆಯ ಚಿತ್ರವನ್ನು ಟ್ರೈಪಾಡ್ ಮೇಲಿಂದ, 1/2000 ವೇಗದಲ್ಲಿ, ಸಾಲಾಗಿ ಇಪ್ಪತ್ತು ತೆಗೆದೆ. ಇಪ್ಪತ್ತರಲ್ಲಿಯೂ ಕೊಕ್ಕಿನ ಆಕಾರವೇ ಬೇರೆಬೇರೆ! ಕಾದ ನೆಲದಿಂದ ಏಳುವ ಝಳ ಬೆಳಕನ್ನು ಬಗ್ಗಿಸುತ್ತದೆ, ಉದ್ದದ ಲೆನ್ಸು ಆ ಬಾಗನ್ನೇ ದೊಡ್ಡದಾಗಿ ತೋರಿಸುತ್ತದೆ. ಇದಕ್ಕೆ ಯಾವ ಗುಂಡಿಯಲ್ಲೂ ಪರಿಹಾರವಿಲ್ಲ. ಸಾವಿರಾರು ರೂಪಾಯಿ ಹೆಚ್ಚು ಸುರಿದು ತಂದ ಲೆನ್ಸಿಗೂ ಅದೇ ಗಾಳಿ. ದೂರದ ಹಕ್ಕಿಯನ್ನು ಹತ್ತಿರ ತರುವುದಕ್ಕೇ ಈ ಲೆನ್ಸು ಎಂಬ ನನ್ನ ತಿಳಿವಳಿಕೆ ಅಂದು ಕಳಚಿತು. ಹತ್ತು ಹದಿನೈದು ಮೀಟರಿನ ಚಿಕ್ಕ ಹಕ್ಕಿಯನ್ನು ಚೌಕಟ್ಟು ತುಂಬುವಂತೆ ಹಿಡಿಯುವುದಕ್ಕೆ ಅದು ಬಲು ಯೋಗ್ಯ.

ಆದ್ದರಿಂದ ಈಗ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ಒಂಬತ್ತಕ್ಕೆ ಹಿಂದಿರುಗುತ್ತೇನೆ. ಹಕ್ಕಿಯ ಬೆನ್ನು ಹತ್ತುವುದಿಲ್ಲ. ಅದು ಮತ್ತೆ ಮತ್ತೆ ಬಂದು ಕೂರುವ ಕೊಂಬೆಯನ್ನು ಗುರುತಿಟ್ಟುಕೊಂಡು, ದೂರದಲ್ಲಿ ನೆಲಕ್ಕೆ ಕುಳಿತು ಕಾಯುತ್ತೇನೆ. ಗೂಡಿನ ಬಳಿ ಮಾತ್ರ ಕ್ಯಾಮೆರಾ ಚೀಲದಿಂದ ಹೊರಬರುವುದಿಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ದೋಣಿ ತಾನೇ ತೂಗುವುದರಿಂದ ಕುಳಿತ ಹಕ್ಕಿಗೂ 1/1600 ಇಡುತ್ತೇನೆ, ಮೊಣಕೈಯನ್ನು ದೋಣಿಯ ಅಂಚಿಗೆ ಊರುವುದಿಲ್ಲ. ಅದರ ನಡುಕ ನೇರವಾಗಿ ಲೆನ್ಸಿಗೆ ಏರುತ್ತದೆ.

ಹಾರುವ ಹಕ್ಕಿಗೆ 1/2500, ಹಕ್ಕಿ ಸರಿದಂತೆ ತಾನೂ ಹೊಂದಿಕೊಳ್ಳುವ ನಿರಂತರ ಫೋಕಸ್, ಒಂದೇ ಬಿಂದುವಿನ ಬದಲು ಫೋಕಸ್ ಬಿಂದುಗಳ ಒಂದು ಗುಂಪು. ಕಲಿಯುವುದಕ್ಕೆ ಕಪ್ಪು-ಬಿಳಿ ಮಿಂಚುಳ್ಳಿಗಿಂತ ಒಳ್ಳೆಯ ಹಕ್ಕಿ ನನಗೆ ಸಿಕ್ಕಿಲ್ಲ. ಮೀನಿಗಾಗಿ ಅದು ನೀರಿನ ಮೇಲೆ ಗಾಳಿಯಲ್ಲೇ ಕೆಲವು ಸೆಕೆಂಡು ನಿಲ್ಲುತ್ತದೆ. ರೆಕ್ಕೆಗಳು ಬಡಿಯುತ್ತಿದ್ದರೂ ತಲೆ ಮೊಳೆ ಹೊಡೆದಂತೆ ಅಲುಗದೆ ಇರುತ್ತದೆ. ಕಳೆದ ಜನವರಿಯ ಒಂದು ಬೆಳಗ್ಗೆ ಆ ತಲೆಯ ಮೇಲೆ ಬಿಂದು ಇಟ್ಟು, ಉಸಿರು ಹಿಡಿದು ಒತ್ತಿದೆ. ಹನ್ನೆರಡು ಚಿತ್ರಗಳಲ್ಲಿ ಒಂದರಲ್ಲಿ, ಕಪ್ಪು ಕಣ್ಣಿನೊಳಗೆ ಆಗಷ್ಟೇ ಏರಿದ ಸೂರ್ಯ ಒಂದು ಚುಕ್ಕೆಯಾಗಿ ನಿಂತಿದ್ದ.