ಮರುಭೂಮಿಯ ಮನೆಯಲ್ಲಿ ಎಸಿಯನ್ನು ಎಷ್ಟಕ್ಕೆ ಇಡಬೇಕು: ಫೀನಿಕ್ಸ್ ಬೇಸಿಗೆಗೆ ಒಂದು ಕ್ರಮ

ಅರಿಜೋನಾದ ಫೀನಿಕ್ಸ್‌ಗಾಗಲಿ ಅದರ ಮಗ್ಗುಲಿನ ಚಾಂಡ್ಲರ್, ಗಿಲ್ಬರ್ಟ್, ಟೆಂಪಿಗಳಿಗಾಗಲಿ ಹೊಸದಾಗಿ ಬಂದು ಸಂಸಾರ ಹೂಡುವ ಕನ್ನಡಿಗರು ಮೊದಲ ಬೇಸಿಗೆಯಲ್ಲಿ ತಪ್ಪದೆ ಕೇಳುವ ಪ್ರಶ್ನೆಯೆಂದರೆ, ಎಸಿಯನ್ನು ಎಷ್ಟಕ್ಕೆ ಇಡಬೇಕು ಎಂಬುದು. ಊರಿನಲ್ಲಿ ಮಲಗುವ ಕೋಣೆಗೆ ಮಾತ್ರ ಎಸಿ ಇರುತ್ತದೆ, ರಿಮೋಟ್‌ನಲ್ಲಿ 24 ಒತ್ತಿ ಎರಡು ಗಂಟೆ ಓಡಿಸಿ ಆರಿಸಿದರೆ ಸಾಕಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಯಂತ್ರ, ನಡುಮನೆಯ ಗೋಡೆಯಲ್ಲಿ ತಾಪವನ್ನು ಅಳೆದು ಆ ಯಂತ್ರವನ್ನು ಓಡಿಸಿ ನಿಲ್ಲಿಸುವ ಒಂದೇ ಥರ್ಮೋಸ್ಟಾಟ್, ಅದರಲ್ಲಿ ಫ್ಯಾರನ್‌ಹೀಟ್ ಅಂಕಿಗಳು. ಬೇಸಿಗೆಯುದ್ದಕ್ಕೂ ಅದು ಹಗಲಿರುಳು ದುಡಿಯುತ್ತದೆ. ಹಾಗಾಗಿ ಇಲ್ಲಿ ಒಂದು ಅಂಕಿಯನ್ನು ಹುಡುಕುವುದಕ್ಕಿಂತ, ದಿನದ ಯಾವ ಹೊತ್ತು, ಗಾಳಿಯಲ್ಲಿ ಎಷ್ಟು ತೇವ, ಮನೆಯಲ್ಲಿ ಯಾರಿದ್ದಾರೆ ಎಂಬ ಮೂರನ್ನೂ ನೋಡಿ ಅಂಕಿಗಳ ಒಂದು ವೇಳಾಪಟ್ಟಿಯನ್ನೇ ಮಾಡಿಕೊಳ್ಳಬೇಕು.

ಮೊದಲು ಈ ಊರಿನ ಕಾವು ಎಂಥದೆಂದು ತಿಳಿದಿರಲಿ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಇಲ್ಲಿನ ಗರಿಷ್ಠ ತಾಪಮಾನ 110 ಡಿಗ್ರಿ, ಅಂದರೆ ಸುಮಾರು 43 ಸೆಲ್ಸಿಯಸ್, ಅಥವಾ ಅದಕ್ಕಿಂತ ಹೆಚ್ಚಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ರಾತ್ರಿಯದು. ಅದೇ ಜುಲೈ 19ರಂದು ಕನಿಷ್ಠ ತಾಪಮಾನವೇ 97 ಡಿಗ್ರಿ, ಅಂದರೆ 36 ಸೆಲ್ಸಿಯಸ್. ಸಂಜೆಯಾದ ಮೇಲೆ ಕಿಟಕಿ ತೆರೆದರೆ ತಣ್ಣನೆಯ ಗಾಳಿ ಬರುತ್ತದೆ ಎಂಬ ಬೆಂಗಳೂರು, ಮೈಸೂರುಗಳ ರೂಢಿಯನ್ನು ಜುಲೈ, ಆಗಸ್ಟ್‌ಗಳಲ್ಲಿ ಇಲ್ಲಿ ಮರೆಯಬೇಕು.

ಲೆಕ್ಕವನ್ನು 78ರಿಂದ ಆರಂಭಿಸಿ. ಇದು ಸೆಲ್ಸಿಯಸ್‌ನಲ್ಲಿ ಇಪ್ಪತ್ತೈದೂವರೆ. ಭಾರತದಲ್ಲಿ 2020ರ ಜನವರಿಯಿಂದ ಹೊಸ ಎಸಿಗಳು ತಾವಾಗಿಯೇ ತೋರಿಸಬೇಕೆಂದು ನಿಗದಿಯಾಗಿರುವ 24 ಇಲ್ಲಿನ 75ಕ್ಕೆ ಸಮ. ಆದ್ದರಿಂದ 78 ನಮಗೆ ಅಪರಿಚಿತವಾದ ಸೆಕೆಯೇನಲ್ಲ. ಅದನ್ನು ಎರಡು ಮೂರು ದಿನ ಹಾಗೆಯೇ ಬಿಟ್ಟು ನೋಡಿ, ಅನಂತರ ಒಂದೊಂದೇ ಡಿಗ್ರಿ ಸರಿಸಿ. ಕೂತಿರುವ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಸುಮಾರು ನಾಲ್ಕು ಡಿಗ್ರಿ ಹೆಚ್ಚಿಟ್ಟರೂ ಹಾಯೆನಿಸುತ್ತದೆ. ಆದರೆ ಫ್ಯಾನ್ ತಂಪು ಮಾಡುವುದು ಮೈಯನ್ನೇ ಹೊರತು ಕೋಣೆಯನ್ನಲ್ಲ, ಆದ್ದರಿಂದ ಎದ್ದು ಹೋಗುವಾಗ ಅದನ್ನು ಆರಿಸಿ.

ಇನ್ನು ಹೊತ್ತಿನ ವಿಚಾರ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿನ ಎರಡು ದೊಡ್ಡ ವಿದ್ಯುತ್ ಸಂಸ್ಥೆಗಳು ಎಪಿಎಸ್ ಮತ್ತು ಎಸ್‌ಆರ್‌ಪಿ. ಹೊತ್ತಿಗೊಂದು ದರವಿರುವ ಯೋಜನೆಗಳು ಎರಡರಲ್ಲೂ ಇವೆ. ಎಪಿಎಸ್‌ನ ಇಂಥ ಯೋಜನೆಗಳಲ್ಲಿ ವಾರದ ಕೆಲಸದ ದಿನಗಳಂದು ಸಂಜೆ 4ರಿಂದ 7ರವರೆಗಿನ ವಿದ್ಯುತ್ತು ದುಬಾರಿ. ಎಸ್‌ಆರ್‌ಪಿಯಲ್ಲಿ ದುಬಾರಿ ಹೊತ್ತು ಯೋಜನೆಯಿಂದ ಯೋಜನೆಗೆ ಬೇರೆಯಾಗುವುದರಿಂದ ನಿಮ್ಮ ಬಿಲ್ಲನ್ನೇ ನೋಡಿಕೊಳ್ಳಬೇಕು. ದುಬಾರಿ ಹೊತ್ತಿಗೆ ಮುಂಚೆ, ಮಧ್ಯಾಹ್ನ 1ರಿಂದ 4ರವರೆಗೆ, ಮನೆಯನ್ನು 75ಕ್ಕೆ ಇಳಿಸಿ ಗೋಡೆ, ನೆಲ, ಸೋಫಾ, ಹಾಸಿಗೆಗಳಲ್ಲೆಲ್ಲ ತಂಪನ್ನು ಕೂಡಿಟ್ಟುಕೊಂಡು, 4ಕ್ಕೆ ಸರಿಯಾಗಿ 80ಕ್ಕೆ ಏರಿಸಿಬಿಟ್ಟರೆ ಯಂತ್ರ ಬಹಳ ಹೊತ್ತು ಸುಮ್ಮನಿರುತ್ತದೆ. ಕೂಡಿಟ್ಟ ತಂಪು ಎಷ್ಟು ಹೊತ್ತು ಬಾಳುತ್ತದೆ ಎಂಬುದು ಮನೆಯಿಂದ ಮನೆಗೆ ಬೇರೆ. ಒಂದು ಶನಿವಾರ 75ರಿಂದ ಬಿಟ್ಟು, ಅರ್ಧ ಗಂಟೆಗೊಮ್ಮೆ ಥರ್ಮೋಸ್ಟಾಟ್ ನೋಡಿ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಹಾಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ 4ಕ್ಕೆ 75, 5ಕ್ಕೆ 77, 6ಕ್ಕೆ 79 ಎಂದಿತ್ತು. ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ಬಿಸಿಲು ತಡೆಯುವ ಜಾಲರಿ ಹಾಕಿಸಿದ ಮೇಲೆ ಅದೇ 79 ಮುಟ್ಟುವಷ್ಟರಲ್ಲಿ 7 ಗಂಟೆಯಾಗುತ್ತಿತ್ತು.

ಕೆಲವು ಯೋಜನೆಗಳಲ್ಲಿ ಡಿಮ್ಯಾಂಡ್ ಶುಲ್ಕವೆಂಬುದೊಂದಿದೆ. ದುಬಾರಿ ಹೊತ್ತಿನಲ್ಲಿ ಯಾವುದಾದರೂ ಒಂದು ಗಂಟೆ ನೀವು ಅತಿ ಹೆಚ್ಚು ವಿದ್ಯುತ್ ಎಳೆದರೆ, ಆ ಒಂದೇ ಗಂಟೆ ಇಡೀ ತಿಂಗಳ ಬಿಲ್ಲನ್ನು ಏರಿಸುತ್ತದೆ. ಅಂಥ ಯೋಜನೆಯಿರುವವರು ಎಸಿ, ವಿದ್ಯುತ್ ಒಲೆ, ಬಟ್ಟೆ ಒಣಗಿಸುವ ಯಂತ್ರ ಮೂರನ್ನೂ ಸಂಜೆ ಒಟ್ಟಿಗೆ ಓಡಿಸಬಾರದು. ಸಾರಿಗೆ ಬೇಳೆ ಬೇಯಿಸುವುದನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಸಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು. ಕುಕ್ಕರಿನ ಪ್ರತಿ ಕೂಗೂ ಮನೆಯೊಳಗೆ ಬಿಸಿಯನ್ನೂ ಹಬೆಯನ್ನೂ ತುಂಬುತ್ತದೆ, ಎರಡನ್ನೂ ಹೊರಹಾಕುವ ಕೆಲಸ ಎಸಿಯ ಪಾಲಿಗೇ ಬರುತ್ತದೆ.

ಮನೆಯಲ್ಲಿ ಯಾರೂ ಇಲ್ಲದಾಗ 82ರಿಂದ 85ರ ನಡುವೆ ಇಡಿ, ಪೂರ್ತಿ ಆರಿಸಬೇಡಿ. ಆರಿಸಿದ ಮನೆಯ ಗೋಡೆಗಳು ದಿನವಿಡೀ ಕಾದಿರುತ್ತವೆ. ಸಂಜೆ ಮರಳಿ ಬಂದು ಎಸಿ ಹಾಕಿದರೆ, ಹೊರಗೆ 112 ಇರುವಾಗ, ಅಂದರೆ ಎಸಿಯ ಶಕ್ತಿ ಅತ್ಯಂತ ಕುಗ್ಗಿರುವ ಹೊತ್ತಿನಲ್ಲೇ, ನೀವು ಅದರಿಂದ ಅತ್ಯಂತ ಹೆಚ್ಚಿನ ಕೆಲಸ ಕೇಳಿದಂತಾಗುತ್ತದೆ. ಬೇಗ ತಣ್ಣಗಾಗಲೆಂದು 68ಕ್ಕೆ ಇಳಿಸುವುದರಿಂದಲೂ ಪ್ರಯೋಜನವಿಲ್ಲ. ಸಾಮಾನ್ಯ ಯಂತ್ರಕ್ಕೆ ಓಡುವುದು ಮತ್ತು ನಿಲ್ಲುವುದು ಮಾತ್ರ ಗೊತ್ತು, 68 ಎಂದರೂ 78 ಎಂದರೂ ಅದು ತಂಪು ಮಾಡುವ ವೇಗ ಒಂದೇ.

ಹವೆಯ ತೇವಕ್ಕೆ ತಕ್ಕಂತೆ ಅಂಕಿಯನ್ನು ಬದಲಿಸುವುದನ್ನು ಬಹಳ ಜನ ಮರೆಯುತ್ತಾರೆ. ಮೇ, ಜೂನ್‌ಗಳಲ್ಲಿ ಇಲ್ಲಿರುವುದು ರಾಯಚೂರು, ಕಲಬುರಗಿಯವರು ಬಲ್ಲ ಒಣ ಝಳ. ಬೆವರು ಹುಟ್ಟಿದ ಕೂಡಲೇ ಆರುವುದರಿಂದ ಫ್ಯಾನಿನ ಕೆಳಗೆ 80 ಕೂಡ ಹಿತವೆನಿಸುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿಯನ್ನು ಇಲ್ಲಿ ಮಾನ್ಸೂನ್ ಎನ್ನುತ್ತಾರೆ. ಸಾಮಾನ್ಯವಾಗಿ ಜುಲೈನಲ್ಲಿ ದಕ್ಷಿಣದಿಂದ ತೇವದ ಗಾಳಿ ನುಗ್ಗಿದಾಗ ಕರಾವಳಿಯ ಸೆಕೆಯ ಛಾಯೆ ಕಾಣಿಸಿಕೊಂಡು, ಅದೇ 80 ಮೈಗೆ ಅಂಟತೊಡಗುತ್ತದೆ. ಗಾಳಿಯ ತೇವ ಹನಿಗಟ್ಟುವ ತಾಪವನ್ನು ಇಬ್ಬನಿ ಬಿಂದು ಎನ್ನುತ್ತಾರೆ, ಅದು ಏರಿದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಹಿಂದೆ ಈ ಇಬ್ಬನಿ ಬಿಂದು ಸತತ ಮೂರು ದಿನ 55 ಡಿಗ್ರಿ ಮುಟ್ಟಿದರೆ ಮಾನ್ಸೂನ್ ಶುರುವಾಯಿತೆಂದು ಇಲ್ಲಿ ಲೆಕ್ಕ ಹಿಡಿಯುತ್ತಿದ್ದರು. ಹವಾಮಾನದ ಆ್ಯಪಿನಲ್ಲಿ ಆ ಅಂಕಿಯನ್ನು ಈಗಲೂ ನೋಡಬಹುದು, ನಾನು ಅದು 55 ದಾಟಿದ ದಿನದಿಂದ ಒಂದೆರಡು ಡಿಗ್ರಿ ಇಳಿಸುತ್ತೇನೆ. ಆ ತಿಂಗಳುಗಳಲ್ಲಿ ಥರ್ಮೋಸ್ಟಾಟಿನ ಫ್ಯಾನ್ ಗುಂಡಿ ‘ಆಟೋ’ದಲ್ಲೇ ಇರಲಿ. ‘ಆನ್’ನಲ್ಲಿಟ್ಟರೆ ಕಂಪ್ರೆಸರ್ ನಿಂತ ಮೇಲೂ ಗಾಳಿ ಬೀಸುತ್ತಲೇ ಇದ್ದು, ಯಂತ್ರದೊಳಗಿನ ತಣ್ಣನೆಯ ಕೊಳವೆಸುರುಳಿಯ (ಕಾಯಿಲ್) ಮೇಲೆ ಕೂತ ನೀರು ಮತ್ತೆ ಮನೆಯೊಳಗೇ ಸೇರುತ್ತದೆ.

ವಯಸ್ಸಾದವರು, ಹಸುಗೂಸುಗಳು, ಹೃದ್ರೋಗಕ್ಕೋ ರಕ್ತದೊತ್ತಡಕ್ಕೋ ಔಷಧಿ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಉಳಿತಾಯದ ಲೆಕ್ಕವನ್ನು ಪಕ್ಕಕ್ಕಿಟ್ಟು, ದಿನವಿಡೀ 78ರ ಮೇಲೆ ಹೋಗಬೇಡಿ. ನನ್ನ ತಾಯಿ ಮೈಸೂರಿನಿಂದ ಬಂದಿದ್ದ ವರ್ಷ ನಡುಮನೆಯ ಥರ್ಮೋಸ್ಟಾಟ್ 79 ತೋರಿಸುತ್ತಿತ್ತು. ಅವರು ಪಶ್ಚಿಮದ ಕೋಣೆಯಲ್ಲಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, ‘ಇರಲಿ ಬಿಡಪ್ಪ, ಕರೆಂಟು ಸುಮ್ಮನೆ ಯಾಕೆ’ ಎನ್ನುತ್ತಿದ್ದರು. ಅನುಮಾನ ಬಂದು ಸಣ್ಣ ಥರ್ಮಾಮೀಟರನ್ನು ಅವರ ಮಂಚದ ಪಕ್ಕ ಇಟ್ಟು ನೋಡಿದರೆ 84 ಇತ್ತು. ಹಿರಿಯರಿಗೆ ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ, ಕೇಳಲು ಸಂಕೋಚವೂ ಇರುತ್ತದೆ. ಅವರು ಕೂರುವ ಕೋಣೆಯ ತಾಪವನ್ನು ಅಳೆದು ಥರ್ಮೋಸ್ಟಾಟನ್ನು ಇಳಿಸುವುದು ನಮ್ಮ ಕೆಲಸ. ಫೀನಿಕ್ಸ್ ನಗರವಿರುವ ಮಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಬೇಗೆಗೆ ಸಂಬಂಧಿಸಿ 645 ಜನ ತೀರಿಕೊಂಡರು. ಮನೆಯೊಳಗೇ ಸತ್ತವರಲ್ಲಿ ಬಹುಪಾಲು ಜನರ ಮನೆಯಲ್ಲಿ ಎಸಿ ಇದ್ದರೂ ಅದು ಕೆಲಸ ಮಾಡುತ್ತಿರಲಿಲ್ಲ.

ಬಾಡಿಗೆ ಮನೆಯವರು ಇನ್ನೊಂದು ಅಂಕಿಯನ್ನು ನೆನಪಿಡಬೇಕು. ಫೀನಿಕ್ಸ್ ನಗರದ ಕಟ್ಟಳೆಯಂತೆ ಎಸಿ ಇರುವ ಬಾಡಿಗೆ ಮನೆಯನ್ನು 82 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಗೆ ತಂಪಾಗಿಸುವುದು ಮಾಲೀಕರ ಹೊಣೆ. ನಮ್ಮ ಮೊದಲ ಬಾಡಿಗೆ ಮನೆಯಲ್ಲಿ 78ಕ್ಕೆ ಇಟ್ಟರೂ 86ರಿಂದ ಕೆಳಗಿಳಿಯದಿದ್ದಾಗ, ನಮಗಿದು ತಿಳಿಯದೆ ನಾಲ್ಕು ದಿನ ಒದ್ದೆ ಟವೆಲ್ ಹೊದ್ದು ಮಲಗಿದ್ದೆವು.

ಹಾಗೆ ಇಟ್ಟ ಅಂಕಿಗೆ ಮನೆ ಬಾರದಿದ್ದರೆ ಮೊದಲು ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಧೂಳಿನ ಬಿರುಗಾಳಿ ಎದ್ದ ವಾರದಲ್ಲಿ ಅದು ಕಂಬಳಿಯಂತಾಗಿರುತ್ತದೆ. ಫಿಲ್ಟರ್ ಚೊಕ್ಕವಾಗಿದ್ದರೆ, ಒಳಗೆ ಎಳೆದುಕೊಳ್ಳುವ ಜಾಲರಿಯ ಬಳಿಯ ಗಾಳಿಯನ್ನೂ ಹೊರಬರುವ ಗಾಳಿಯನ್ನೂ ಥರ್ಮಾಮೀಟರಿನಿಂದ ಅಳೆಯಿರಿ. ಎರಡರ ನಡುವೆ 16ರಿಂದ 22 ಡಿಗ್ರಿ ಅಂತರವಿದ್ದರೆ ಯಂತ್ರ ಬಹುಶಃ ಸರಿಯಿದೆ, ಬಿಸಿ ಬೇರೆಲ್ಲಿಂದಲೋ ನುಗ್ಗುತ್ತಿದೆ. ಅಂತರ ಕಡಿಮೆಯಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ. ಈ ಊರಿನ ಕಾವಿಗೆ, ಯಂತ್ರದ ಮೋಟಾರುಗಳು ತಿರುಗಲು ನೆರವಾಗುವ ಕೆಪಾಸಿಟರ್ ಎಂಬ ಬಿಡಿಭಾಗ ಕೈಕೊಡುವುದು ತೀರ ಸಾಮಾನ್ಯ. ತಾಮ್ರದ ಕೊಳವೆಯ ಮೇಲೆ ಮಂಜುಗಡ್ಡೆ ಕಂಡರೆ ಮಾತ್ರ ಅವರು ಬರುವವರೆಗೆ ಕಾಯದೆ, ತಂಪು ಮಾಡುವುದನ್ನು ನಿಲ್ಲಿಸಿ ಎಸಿಯ ಫ್ಯಾನನ್ನಷ್ಟೇ ಓಡಿಸಿ ಅದನ್ನು ಕರಗಿಸಿ.

ಅಕ್ಟೋಬರ್ ಕೊನೆಗೆ ರಾತ್ರಿಯ ತಾಪ 65ರ ಆಸುಪಾಸಿಗೆ ಬರುತ್ತದೆ. ಆಗ ವೇಳಾಪಟ್ಟಿಯನ್ನು ತೆಗೆದಿಟ್ಟು, ಮಲಗುವ ಮುನ್ನ ಎಸಿ ಆರಿಸಿ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆಯಿರಿ.