ಗ್ರಾನಾಡಾದಲ್ಲಿ ಸ್ಪ್ಯಾನಿಷ್ ಮಾಧ್ಯಮದ ಓದು

ಸ್ಪೇನಿನ ಗ್ರಾನಾಡಾ ವಿಶ್ವವಿದ್ಯಾಲಯದಲ್ಲಿ ನಾನು ಇತಿಹಾಸದ ಸ್ನಾತಕೋತ್ತರ ಪದವಿ ಓದಿದೆ. ಪಾಠ, ಚರ್ಚೆ, ಪ್ರಬಂಧ, ಮೌಖಿಕ ಪರೀಕ್ಷೆ ಎಲ್ಲವೂ ಸ್ಪ್ಯಾನಿಷ್‌ನಲ್ಲೇ ನಡೆದವು. ಇದೇ ಹಾದಿ ಹಿಡಿಯಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು ಸ್ಪ್ಯಾನಿಷ್‌ನಲ್ಲಿ ಬಿ2 ಮಟ್ಟ (ಯುರೋಪಿನ ಆರು ಹಂತಗಳ ಭಾಷಾ ಅಳತೆಯಲ್ಲಿ ನಾಲ್ಕನೆಯದು) ಸಾಕೇ ಎಂದು. ಪ್ರವೇಶಕ್ಕೆ ಅನೇಕ ಕಡೆ ಸಾಕು. ಪಾಠ ಕಿವಿಗೆ ಹತ್ತಲು ಸಾಕೇ ಎಂಬುದನ್ನು ಆ ಪ್ರಮಾಣಪತ್ರ ಹೇಳುವುದಿಲ್ಲ.

ಆ ಪ್ರಮಾಣಪತ್ರ ಕೊಡುವ ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಬಿ2 ಹಂತದ ರಚನೆಯೇ ಅದಕ್ಕೆ ಕಾರಣ. ಓದು ಮತ್ತು ಬರವಣಿಗೆ ಸೇರಿ ಒಂದು ಗುಂಪು, ಆಲಿಸುವುದು ಮತ್ತು ಮಾತನಾಡುವುದು ಸೇರಿ ಇನ್ನೊಂದು. ಗುಂಪಿಗೆ 50 ಅಂಕ, ಪ್ರತಿ ಗುಂಪಿನಲ್ಲೂ 30 ಬಂದರೆ ತೇರ್ಗಡೆ. ಮಾತಿನಲ್ಲಿ 25ಕ್ಕೆ 21 ಪಡೆದವರು ಆಲಿಸುವುದರಲ್ಲಿ ಬರೀ 9 ಪಡೆದರೂ ಆ ಗುಂಪನ್ನು ದಾಟುತ್ತಾರೆ. ತರಗತಿಯಲ್ಲಿ ಇಂಥ ಹೊಂದಾಣಿಕೆ ನಡೆಯುವುದಿಲ್ಲ. ಆದ್ದರಿಂದ ನಾನು ಸಿಯೆಲೆ ಎಂಬ ಇನ್ನೊಂದು ಸ್ಪ್ಯಾನಿಷ್ ಪರೀಕ್ಷೆಯನ್ನೂ ಬರೆದೆ. ಕಂಪ್ಯೂಟರಿನಲ್ಲಿ ನಡೆಯುವ ಅದರಲ್ಲಿ ಪಾಸು, ಫೇಲು ಎಂಬುದಿಲ್ಲ. ನಾಲ್ಕೂ ಕೌಶಲಗಳಿಗೆ ತಲಾ 250 ಅಂಕ, ಪ್ರತಿಯೊಂದಕ್ಕೂ ಬೇರೆ ಬೇರೆ ಫಲಿತಾಂಶ. ಡೆಲೆ ಎಂದಿಗೂ ಹಳತಾಗುವುದಿಲ್ಲ, ಸಿಯೆಲೆಗೆ ಐದು ವರ್ಷಗಳ ಆಯಸ್ಸು. ಆದರೂ ನಮ್ಮ ಕಿವಿಯ ನಿಜಸ್ಥಿತಿ ತಿಳಿಯಬೇಕೆಂದರೆ ಎರಡನೆಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಾನಾಡಾ ಇರುವುದು ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರದೇಶದ ಪೂರ್ವ ಭಾಗದಲ್ಲಿ. ಇಲ್ಲಿನವರ ಮಾತಿನಲ್ಲಿ ಪದದ ಕೊನೆಯ ಸಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಸ್ಪ್ಯಾನಿಷ್‌ನಲ್ಲಿ ಬಹುವಚನದ ಗುರುತೇ ಆ ಸಕಾರ. ಹಾಗಾದರೆ ಅಧ್ಯಾಪಕರು ಹೇಳುತ್ತಿರುವುದು ಒಂದು ಕಾಲುವೆಯ ಬಗ್ಗೆಯೋ ಹಲವು ಕಾಲುವೆಗಳ ಬಗ್ಗೆಯೋ? ಉತ್ತರ ಕೊನೆಯ ಸ್ವರದಲ್ಲಿದೆ. ಸಕಾರವನ್ನು ಬಿಟ್ಟು ಅದರ ಹಿಂದಿನ ಸ್ವರವನ್ನು ಬಾಯಿ ಅಗಲಿಸಿ ಉಚ್ಚರಿಸುತ್ತಾರೆ. ಒಮ್ಮೆ ಇದು ಗೊತ್ತಾದರೆ ಕಿವಿ ತಾನಾಗಿಯೇ ಅದನ್ನು ಹುಡುಕತೊಡಗುತ್ತದೆ. ಪಾಠದ ಧ್ವನಿಮುದ್ರಿಕೆಗಳ ಶುದ್ಧ ಉಚ್ಚಾರಣೆಯಿಂದ ಇದಕ್ಕೆ ಹೆಚ್ಚು ಸಹಾಯವಾಗುವುದಿಲ್ಲ. ಹೊರಡುವ ಮೊದಲೇ ನಾನು ಆಂದಲೂಸಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಕನಾಲ್ ಸುರ್‌ನ ರೇಡಿಯೊ ಕೇಳಲು ತೊಡಗಿದ್ದೆ, ಅದರಲ್ಲೂ ಜನಸಾಮಾನ್ಯರು ಕರೆ ಮಾಡಿ ಮಾತನಾಡುವ ಕಾರ್ಯಕ್ರಮಗಳನ್ನು. ನೀವು ಓದಲು ಹೋಗುವ ಊರು ಯಾವುದೋ ಆ ಊರಿನ ರೇಡಿಯೊ ಕೇಳಿ.

ಇದಕ್ಕಿಂತಲೂ ಹೆಚ್ಚು ನನ್ನ ಕೈಹಿಡಿದದ್ದು ಪಾಠಕ್ಕೆ ಮುಂಚಿನ ಓದು. ಸ್ಪೇನಿನ ವಿಶ್ವವಿದ್ಯಾಲಯಗಳು ಪ್ರತಿ ವಿಷಯಕ್ಕೂ 'ಗಿಯಾ ದೊಸೆಂತೆ' ಎಂಬ ಮಾರ್ಗದರ್ಶಿಯನ್ನು ಪ್ರಕಟಿಸುತ್ತವೆ. ಪಾಠಗಳ ಅನುಕ್ರಮ, ಓದಬೇಕಾದ ಪುಸ್ತಕಗಳು, ಯಾವ ಕೆಲಸಕ್ಕೆ ಶೇಕಡಾ ಎಷ್ಟು ಅಂಕ ಎಂಬುದೆಲ್ಲ ಅದರಲ್ಲಿರುತ್ತದೆ. ನಾನು ಅದನ್ನು ಪ್ರವೇಶಕ್ಕೆ ಮೊದಲೇ ತೆಗೆದುಕೊಂಡು, ಪ್ರತಿ ಪಾಠದ ಒಂದು ಅಧ್ಯಾಯವನ್ನಾದರೂ ಸ್ಪ್ಯಾನಿಷ್‌ನಲ್ಲೇ ಓದಿಕೊಂಡು ತರಗತಿಗೆ ಹೋಗುತ್ತಿದ್ದೆ. ಗ್ರಾನಾಡಾದ ಕೋಟೆ-ಅರಮನೆಯಾದ ಅಲ್ಹಾಂಬ್ರಾಕ್ಕೆ ದಾರ್ರೋ ನದಿಯ ನೀರು ತರುತ್ತಿದ್ದ ರಾಜಕಾಲುವೆಯ ಬಗ್ಗೆ ಹಿಂದಿನ ಸಂಜೆಯೇ ಓದಿದ್ದರೆ, ಮರುದಿನ ಅಧ್ಯಾಪಕರು ವೇಗವಾಗಿ ಮಾತನಾಡಿದರೂ ಹೆಸರುಗಳೂ ಪಾರಿಭಾಷಿಕ ಪದಗಳೂ ಪರಿಚಿತ ಮುಖಗಳಂತೆ ಎದುರಾಗುತ್ತವೆ. ಇಲ್ಲಿನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ, ವರ್ಷಕ್ಕೆ ಅಂಥ 60 ಕ್ರೆಡಿಟ್‌ಗಳು. ಅದರಲ್ಲಿ ತರಗತಿಯ ಪಾಲು ಸಣ್ಣದು. ಉಳಿದ ಸಮಯವನ್ನು ಬಿಟ್ಟಿರುವುದೇ ಇಂಥ ಓದಿಗಾಗಿ.

ಟಿಪ್ಪಣಿ ಬರೆಯುವುದೂ ಒಂದು ಅಭ್ಯಾಸ. ಸ್ಪ್ಯಾನಿಷ್‌ನಲ್ಲಿ ಇಸವಿಯನ್ನು ಇಂಗ್ಲಿಷಿನವರಂತೆ ಎರಡೆರಡು ಅಂಕಿಗಳಾಗಿ ಮುರಿಯುವುದಿಲ್ಲ. ಸಾವಿರದ ನಾನೂರ ತೊಂಬತ್ತೆರಡು ಎಂದು ನಾವು ಹೇಳುವ ಕ್ರಮದಲ್ಲೇ ಅವರೂ ಪೂರ್ತಿ ಹೇಳುತ್ತಾರೆ. ಕನ್ನಡದಲ್ಲಿ ಎಣಿಸುತ್ತಾ ಕೇಳಿದರೆ ಇಸವಿ ತಪ್ಪುವುದಿಲ್ಲ. ಇನ್ನೊಂದು ಸಂಗತಿ, ಇತಿಹಾಸ ಹೇಳುವಾಗ ಅವರು ವರ್ತಮಾನ ಮತ್ತು ಭವಿಷ್ಯತ್ ಕಾಲಗಳನ್ನು ಧಾರಾಳವಾಗಿ ಬಳಸುತ್ತಾರೆ. 1238ರಲ್ಲಿ ಮೊದಲನೆಯ ಮುಹಮ್ಮದ್ ಗ್ರಾನಾಡಾವನ್ನು ಪ್ರವೇಶಿಸುತ್ತಾನೆ, ಅವನ ವಂಶ 1492ರವರೆಗೆ ಆಳಲಿದೆ ಎಂಬ ಧಾಟಿಯಲ್ಲಿ. ಕಾಲಸೂಚಕ ಪ್ರತ್ಯಯಗಳ ಹಿಂದೆ ಬೀಳದೆ ಇಸವಿಗಳನ್ನೇ ಹಿಡಿದುಕೊಳ್ಳುವುದು ಕ್ಷೇಮ. ಕ್ರಿಯಾಪದದ ವಿಷಯದಲ್ಲೂ ಕಿವಿಯನ್ನು ಪಳಗಿಸಬೇಕು. ಕನ್ನಡದ ಕಿವಿ ವಾಕ್ಯದ ಕೊನೆಯವರೆಗೂ ಅದಕ್ಕಾಗಿ ಕಾಯುತ್ತದೆ. ಸ್ಪ್ಯಾನಿಷ್‌ನಲ್ಲಿ ಅದು ಸಾಮಾನ್ಯವಾಗಿ ಬೇಗ ಬಂದು, ವಿವರಣೆಗಳು ಸಾಲುಗಟ್ಟಿ ಹಿಂದೆ ಬರುತ್ತವೆ. ಕ್ರಿಯಾಪದ ಕಿವಿಗೆ ಬಿದ್ದೊಡನೆ ಅದನ್ನು ಬರೆದುಕೊಂಡು ಉಳಿದದ್ದನ್ನು ಅದಕ್ಕೆ ಜೋಡಿಸುತ್ತಾ ಹೋಗುವುದು ನನ್ನ ಕ್ರಮವಾಯಿತು.

ಬರವಣಿಗೆಯಲ್ಲಿ ನಾನು ಒಂದು ವ್ರತ ಹಿಡಿದೆ. ಇಂಗ್ಲಿಷಿನಲ್ಲಿ ಬರೆದು ಆಮೇಲೆ ಅನುವಾದಿಸುವ ಕೆಲಸಕ್ಕೆ ಕೈಹಾಕಲೇ ಇಲ್ಲ. ಎಷ್ಟೇ ಬಡಕಲಾಗಿದ್ದರೂ ಮೊದಲ ಕರಡು ಸ್ಪ್ಯಾನಿಷ್‌ನಲ್ಲೇ. ಇತಿಹಾಸದ ವಿದ್ಯಾರ್ಥಿಗಳಿಗೆ ಅಲ್ಲಿ 'ಕೊಮೆಂತಾರಿಯೊ ದೆ ತೆಕ್ಸ್ತೊ' ಎಂಬ ಬರಹವನ್ನು ಮತ್ತೆ ಮತ್ತೆ ಕೊಡುತ್ತಾರೆ. ಒಂದು ಹಳೆಯ ದಾಖಲೆ ಕೊಟ್ಟು, ಅದು ಯಾವ ಬಗೆಯದು, ಯಾರು ಯಾರಿಗೆ ಬರೆದದ್ದು, ಯಾವ ಸಂದರ್ಭದ್ದು, ಅದರ ಒಳಗೇನಿದೆ ಎಂಬುದನ್ನು ಕ್ರಮವಾಗಿ ಬಿಡಿಸಲು ಹೇಳುತ್ತಾರೆ. ಅಂಗಗಳು ಮೊದಲೇ ಗೊತ್ತಿರುವ ಬರಹವಾದ್ದರಿಂದ ಭಾಷೆ ಇನ್ನೂ ಬಲಿಯದವರಿಗೆ ಇದಕ್ಕಿಂತ ಒಳ್ಳೆಯ ಗರಡಿ ಸಿಗುವುದಿಲ್ಲ. ಸ್ಥಳೀಯ ಸಹಪಾಠಿಗಳ ಬರಹಗಳನ್ನು ಕೇಳಿ ಪಡೆದು, ಅವರು ಪ್ಯಾರಾದಿಂದ ಪ್ಯಾರಾಕ್ಕೆ ಹೇಗೆ ಸಾಗುತ್ತಾರೆ ಎಂಬುದನ್ನು ಅಭ್ಯಾಸ ಮಾಡಿದೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ.

ಅಧ್ಯಾಪಕರಿಗೆ 'ತುತೊರಿಯಾ' ಎಂಬ ನಿಗದಿತ ಭೇಟಿಯ ಸಮಯವಿರುತ್ತದೆ. ಬಹಳ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಮೀಸಲಿಡುತ್ತಾರೆ. ಮೊದಲ ವಾರಗಳಲ್ಲೇ ಹೋಗಿ ನಿಮ್ಮ ಭಾಷೆಯ ಪರಿಸ್ಥಿತಿ ಹೇಳಿಕೊಳ್ಳಿ. ಅಲ್ಲಿ ಅಧ್ಯಾಪಕರನ್ನು ಏಕವಚನದಲ್ಲಿ, ಹೆಸರು ಹಿಡಿದು ಕರೆಯುವುದು ಸಾಮಾನ್ಯ. ನಮಗೆ ಅದು ನಾಲಿಗೆಗೆ ಬರುವುದು ತಡವಾದರೂ ಅವರು ಅದನ್ನು ಅಗೌರವವೆಂದು ತಿಳಿಯುವುದಿಲ್ಲ.

ಅಂಕಗಳು ಹತ್ತಕ್ಕೆ: 5 ಬಂದರೆ ತೇರ್ಗಡೆ, 7ರಿಂದ 'ನೊತಾಬ್ಲೆ', 9ರಿಂದ 'ಸೊಬ್ರೆಸಾಲಿಯೆಂತೆ'. ಕೊನೆಯ ಸಂಶೋಧನ ಪ್ರಬಂಧವನ್ನು 'ತ್ರಿಬುನಾಲ್' ಎಂಬ ಪರೀಕ್ಷಕ ಮಂಡಳಿಯ ಮುಂದೆ ಸಮರ್ಥಿಸಬೇಕು. ನನ್ನ ಮಂಡಳಿಯ ಸದಸ್ಯರು ಒಬ್ಬರಾದ ಮೇಲೊಬ್ಬರು ದೀರ್ಘವಾಗಿ ಮಾತನಾಡಿದರು, ಉತ್ತರಿಸುವ ಸರದಿ ನನಗೆ ಬಂದದ್ದು ಎಲ್ಲರ ಮಾತು ಮುಗಿದ ಮೇಲೆ. ಇದಕ್ಕೆ ತಯಾರಿಯಾಗಿ ನಾನು ಸ್ನೇಹಿತರನ್ನು ಕೂರಿಸಿಕೊಂಡು ಅವರಿಂದ ಉದ್ದುದ್ದ ಪ್ರಶ್ನೆಗಳನ್ನು ಕೇಳಿಸಿ, ಪ್ರತಿ ಪ್ರಶ್ನೆಯನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳುವುದನ್ನು ರೂಢಿಸಿಕೊಂಡಿದ್ದೆ. ನೀವೂ ಪ್ರಬಂಧದ ಮಂಡನೆಯನ್ನು ಬಾಯಿಪಾಠ ಮಾಡುವ ಸಮಯದಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಡಿ.